ಹತ್ತು ವರ್ಷದ ನಂತರ ಸೂಪರ್‌ಹೀರೋ ಕಾಮಿಕ್ಸ್‌ಗೆ ವಾಪಸ್: ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ನಾನು 2015ರ ಕೊನೆಗೆ ಕಾಮಿಕ್ಸ್ ಓದುವುದು ಬಿಟ್ಟೆ. ಸೀಕ್ರೆಟ್ ವಾರ್ಸ್ ಅನ್ನುವ ದೊಡ್ಡ ಕತೆ ಮುಗಿಯುವ ಮೊದಲೇ ಮಾರ್ವೆಲ್‌ನವರು ಎಲ್ಲವನ್ನೂ ಮತ್ತೆ 1ನೇ ಸಂಚಿಕೆಯಿಂದ ಶುರು ಮಾಡಿದರು, ತಲೆ ಕೆಟ್ಟು ಹೋಯಿತು. ಈಗ ಎಲ್ಲಿ ನೋಡಿದರೂ ಅಬ್ಸಲ್ಯೂಟ್ ಬ್ಯಾಟ್‌ಮನ್, ಅಲ್ಟಿಮೇಟ್ ಸ್ಪೈಡರ್‌ಮನ್ ಮಾತು. ಇವು ನಿಜಕ್ಕೂ ಚೆನ್ನಾಗಿವೆಯಾ, ಇಲ್ಲ ಅದೇ ಹಳೇ ಗಿಮಿಕ್ಕಾ? ಮೂಲ ಸ್ಪೈಡರ್‌ಮನ್, ಎಕ್ಸ್‌ಮೆನ್ ಹೇಗಿವೆ? ತಿಂಗಳಿಗೆ ಐದಕ್ಕಿಂತ ಜಾಸ್ತಿ ಸಂಚಿಕೆ ಕೊಳ್ಳಲು ನನಗೆ ಆಗುವುದಿಲ್ಲ.

ಉತ್ತರ: ಗಿಮಿಕ್ ಹೌದು. ಚೆನ್ನಾಗಿರುವುದೂ ಹೌದು. ಇದರಲ್ಲಿ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಯಾಕೋ ಅಭಿಮಾನಿಗಳಿಗೆ ಕಷ್ಟ. ಅಲ್ಟಿಮೇಟ್ ಮಾರ್ವೆಲ್‌ನದು, ಅಬ್ಸಲ್ಯೂಟ್ ಡಿಸಿಯದು; ಎರಡೂ ಅದೇ ಹೀರೋಗಳ ಕತೆಯನ್ನು ಮೂಲ ಸರಣಿಗಳಿಂದ ಬೇರೆಯಾದ ಲೋಕದಲ್ಲಿ ಹೊಸದಾಗಿ ಶುರು ಮಾಡುವ ಸಾಲುಗಳು. ಹೊಸ ಲೋಕ, ಹೊಸ 1ನೇ ನಂಬರು, ಎದೆ ಮೇಲೆ ದೊಡ್ಡ ಲಾಂಛನ, ಇವೆಲ್ಲ ಮಾರಾಟಕ್ಕೆ ಮಾಡಿದ್ದೇ. ಅದರಲ್ಲಿ ಸಂಶಯ ಬೇಡ. ಆದರೆ ಈ ಪುಸ್ತಕಗಳು ಓದಿಸಿಕೊಂಡು ಹೋಗುವುದಕ್ಕೆ ಕಾರಣ ಬೇರೆ ಇದೆ, ಅದು ನಿಮ್ಮ ಐದು ಪುಸ್ತಕದ ಲೆಕ್ಕಕ್ಕೂ ಉಪಯೋಗಕ್ಕೆ ಬರುತ್ತದೆ. ಇವುಗಳಲ್ಲಿ ಆಗಿದ್ದು ಆಗಿಯೇ ಉಳಿಯುತ್ತದೆ. ಕೈ ಹೋದರೆ ಹೋಯಿತು. ಮದುವೆ ಆದರೆ ಆಯಿತು. ಮುಂದಿನ ಸಂಪಾದಕ ಬಂದು ಒರೆಸಿ ಹಾಕುತ್ತಾನೆ ಅನ್ನುವ ಅನುಮಾನ ಇಟ್ಟುಕೊಂಡು ಪುಟ ತಿರುಗಿಸಬೇಕಾಗಿಲ್ಲ.

ನೀವು ಬಿಟ್ಟ ಮೇಲೆ ಮೂಲ ಸರಣಿಗಳಲ್ಲಿ ಏನಾಯಿತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 2023ರಲ್ಲಿ ಮಿಸ್ ಮಾರ್ವೆಲ್, ಅಂದರೆ ಕಮಲಾ ಖಾನ್, ಸತ್ತಳು. ಎಲ್ಲಿ ಸತ್ತಳು? ಅಮೇಜಿಂಗ್ ಸ್ಪೈಡರ್‌ಮನ್‌ನ 26ನೇ ಸಂಚಿಕೆಯಲ್ಲಿ. ಅವಳ ಸ್ವಂತ ಪುಸ್ತಕದಲ್ಲಿ ಅಲ್ಲ, ಅವಳು ಆಗೊಮ್ಮೆ ಈಗೊಮ್ಮೆ ಹಿನ್ನೆಲೆಯಲ್ಲಿ ಕಾಣಿಸಿಕೊಂಡಿದ್ದ ಬೇರೆಯವರ ಪುಸ್ತಕದಲ್ಲಿ. ಕೆಲವೇ ವಾರದಲ್ಲಿ ಎಕ್ಸ್‌ಮೆನ್‌ನವರ ಹೆಲ್‌ಫೈರ್ ಗಾಲಾ ಸಂಚಿಕೆಯಲ್ಲಿ ಎದ್ದು ಬಂದಳು, ಈ ಸಲ ಮ್ಯುಟೆಂಟ್ ಆಗಿ, ಅಂದರೆ ಎಕ್ಸ್‌ಮೆನ್‌ನವರ ಹಾಗೆ ಹುಟ್ಟಿನಿಂದಲೇ ಶಕ್ತಿ ಇರುವವಳಾಗಿ. ಜನ ಸಿಟ್ಟಾಗಿದ್ದು ಅವಳು ಸತ್ತಿದ್ದಕ್ಕೆ ಅಲ್ಲ. ಕಾಮಿಕ್ಸ್‌ನಲ್ಲಿ ಸತ್ತವರು ವಾಪಸ್ ಬರುತ್ತಾರೆ ಅನ್ನುವುದು ಎಳೆ ಮಗುವಿಗೂ ಗೊತ್ತು. ಸಿಟ್ಟು ಬಂದಿದ್ದು ಸಾವಿಗೆ ಬೆಲೆಯೇ ಇಲ್ಲದ್ದಕ್ಕೆ. ಅಳುವುದಕ್ಕೂ ಪುರುಸೊತ್ತಿಲ್ಲ, ಖುಷಿ ಪಡುವುದಕ್ಕೂ ಇಲ್ಲ. ಅವಳು ಸಾಯುವ ಪುಟದಲ್ಲೇ ವಾಪಸ್ ಬರುವ ದಾರಿ ಕಾಣಿಸುತ್ತಿತ್ತು.

ಈಗ ಅಲ್ಟಿಮೇಟ್ ಸ್ಪೈಡರ್‌ಮನ್‌ಗೆ ಬರೋಣ. 2024ರ ಜನವರಿಯಲ್ಲಿ ಶುರುವಾಯಿತು. ಬರೆದವರು ಜೊನಾಥನ್ ಹಿಕ್‌ಮನ್, ಮುಖ್ಯ ಚಿತ್ರಕಾರ ಮಾರ್ಕೊ ಕೆಕೆಟ್ಟೊ. ಇಲ್ಲಿ ಪೀಟರ್ ಪಾರ್ಕರ್‌ಗೆ ಮೂವತ್ತು ದಾಟಿದೆ. ಮೇರಿ ಜೇನ್ ಜೊತೆ ಮದುವೆಯಾಗಿ ಇಬ್ಬರು ಮಕ್ಕಳು. ಅಂಕಲ್ ಬೆನ್ ಬದುಕಿದ್ದಾರೆ, ಆಂಟ್ ಮೇ ಇಲ್ಲ. ಹುಡುಗನಾಗಿದ್ದಾಗ ಅವನನ್ನು ಕಚ್ಚಬೇಕಿದ್ದ ಜೇಡವನ್ನು ಮೇಕರ್ ಅನ್ನುವ ಖಳ ಮೊದಲೇ ತಪ್ಪಿಸಿಬಿಟ್ಟಿದ್ದ. ಆ ಜೇಡ ಈಗ, ಇಷ್ಟು ವರ್ಷದ ಮೇಲೆ, ಡಬ್ಬಿಯೊಳಗೆ ಅವನ ಕೈಗೆ ಬರುತ್ತದೆ. ಕಚ್ಚಿಸಿಕೊಳ್ಳಬೇಕಾ ಬೇಡವಾ ಅನ್ನುವುದು ಅವನಿಗೇ ಬಿಟ್ಟಿದ್ದು. ಮೂಲ ಕತೆಯಲ್ಲಿ ಅದು ಆಕಸ್ಮಿಕ. ಇಲ್ಲಿ ಅದು ಹೆಂಡತಿ ಮಕ್ಕಳಿರುವ ಒಬ್ಬ ಗಂಡಸು ತಿಳಿದೂ ತಿಳಿದು ಮಾಡುವ ಕೆಲಸ. ಇಷ್ಟೊಂದು ಸಲ ಹೇಳಿ ಸವೆದುಹೋದ ಕತೆಗೆ ಇದೊಂದೇ ಬದಲಾವಣೆ ಹೊಸ ಜೀವ ಕೊಟ್ಟಿತು ಅಂತ ನನ್ನ ಅನಿಸಿಕೆ.

ನಾಲ್ಕನೇ ಸಂಚಿಕೆಯನ್ನು ನೋಡಿ. ಪೀಟರ್, ಮೇರಿ ಜೇನ್, ಹ್ಯಾರಿ ಆಸ್ಬಾರ್ನ್, ಗ್ವೆನ್ ಸ್ಟೇಸಿ ನಾಲ್ವರೂ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾರೆ. ಹ್ಯಾರಿಯೇ ಇಲ್ಲಿ ಗ್ರೀನ್ ಗಾಬ್ಲಿನ್, ಗ್ವೆನ್ ಅವನ ಹೆಂಡತಿ. ಸಂಚಿಕೆಯ ಹೆಚ್ಚುಕಮ್ಮಿ ಎಲ್ಲ ಪುಟಗಳೂ ಆ ಮೇಜಿನ ಸುತ್ತಲೇ. ಹೊಡೆದಾಟ ಇಲ್ಲ, ಕಟ್ಟಡ ಕುಸಿಯುವುದಿಲ್ಲ. ಯಾರಿಗೆ ಎಷ್ಟು ಗೊತ್ತು, ಯಾರು ಏನು ಮುಚ್ಚಿಡುತ್ತಿದ್ದಾರೆ, ಯಾವ ಮಾತಿಗೆ ಯಾರು ಯಾರ ಮುಖ ನೋಡಿದರು, ಇಷ್ಟೇ ವಿಷಯ. ಡೇವಿಡ್ ಮೆಸ್ಸಿನಾ ಬರೆದ ಚಿತ್ರಗಳಲ್ಲಿ ಮುಖಗಳೇ ಎಲ್ಲ ಕೆಲಸ ಮಾಡುತ್ತವೆ. ಇದನ್ನು ಮಾಡಲು ಧೈರ್ಯ ಬೇಕು. ದುಡ್ಡು ಕೊಟ್ಟು ಸ್ಪೈಡರ್‌ಮನ್ ಕೊಂಡವನಿಗೆ ಊಟದ ಮೇಜು ತೋರಿಸಿದರೆ ಬೈಯುತ್ತಾನೆ ಅಂತ ಸಂಪಾದಕರಿಗೆ ಹೆದರಿಕೆ ಇರುತ್ತದೆ. ಬೈದವರೂ ಇದ್ದರು, ಅದು ಬೇರೆ ಮಾತು. ನನಗಂತೂ ಇಡೀ ಸರಣಿಯಲ್ಲಿ ಅದೇ ಅತ್ಯುತ್ತಮ ಸಂಚಿಕೆ.

ಈ ಸರಣಿಗೆ ಇನ್ನೊಂದು ನಿಯಮ ಇತ್ತು. ಸಂಚಿಕೆಯಿಂದ ಸಂಚಿಕೆಗೆ ನಮಗೆ ಒಂದು ತಿಂಗಳು ಕಳೆದರೆ ಕತೆಯೊಳಗೂ ಒಂದು ತಿಂಗಳು ಕಳೆಯುತ್ತದೆ. ಹಬ್ಬ ಬಂದರೆ ಅಲ್ಲೂ ಹಬ್ಬ. ಇದರ ಲಾಭ ಗೊತ್ತಾಗುವಂಥದ್ದೇ: ಮಕ್ಕಳು ದೊಡ್ಡವರಾಗುತ್ತಾರೆ, ಬೆನ್ ಮತ್ತು ಜೇಮ್ಸನ್ ಸೇರಿ ಕಟ್ಟಿದ ಪತ್ರಿಕೆ ನಿಧಾನಕ್ಕೆ ಬೆಳೆಯುತ್ತದೆ. ನಷ್ಟವೂ ಇದೆ. ನಡುವಿನ ಮೂರು ವಾರದಲ್ಲಿ ನಡೆದ ದೊಡ್ಡ ಘಟನೆಗಳನ್ನು ಎಷ್ಟೋ ಸಲ ಪಾತ್ರಗಳ ಬಾಯಲ್ಲಿ ಕೇಳಬೇಕಾಯಿತು, ಕಣ್ಣಲ್ಲಿ ನೋಡಲು ಸಿಗಲಿಲ್ಲ. ಎರಡನೇ ವರ್ಷದಲ್ಲಿ ಕತೆ ಎಳೆದ ಹಾಗೆ ಆಯಿತು, ಪೀಟರ್‌ನನ್ನೇ ಬದಿಗಿಟ್ಟ ಸಂಚಿಕೆಗಳು ಜಾಸ್ತಿ ಆದವು. ಕೆಕೆಟ್ಟೊ ಮತ್ತು ಮೆಸ್ಸಿನಾ ಸರದಿಯಲ್ಲಿ ಚಿತ್ರ ಬರೆದಿದ್ದರಿಂದ ಪುಸ್ತಕದ ಮುಖಚಹರೆಯೂ ಆಗಾಗ ಬದಲಾಗುತ್ತಿತ್ತು. ಹೊಗಳುವವರು ಇದನ್ನು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಇನ್ನು ಈ ಅಲ್ಟಿಮೇಟ್ ಲೋಕವನ್ನೇ 2026ರ ಏಪ್ರಿಲ್ ಹೊತ್ತಿಗೆ ಮುಗಿಸುವುದಾಗಿ ಮಾರ್ವೆಲ್ ಹೇಳಿತು, ಸ್ಪೈಡರ್‌ಮನ್‌ಗೆ 24 ಸಂಚಿಕೆ ಅಂತ ಲೆಕ್ಕ. ಇಷ್ಟು ಚೆನ್ನಾಗಿ ಮಾರಾಟವಾಗುವಾಗ ಯಾಕೆ ಮುಗಿಸುತ್ತಾರೆ ಅಂತ ಎಷ್ಟೋ ಜನ ಗೋಳಾಡಿದರು. ನನಗೆ ಅದರಷ್ಟು ಒಳ್ಳೆಯ ಸುದ್ದಿ ಇರಲಿಲ್ಲ. ನೀವು ಹಳೇ ಓದುಗರು, ನಿಮಗೆ ನೆನಪಿರುತ್ತದೆ: 2000ದಲ್ಲಿ ಶುರುವಾದ ಮೊದಲ ಅಲ್ಟಿಮೇಟ್ ಲೋಕಕ್ಕೆ ಏನಾಯಿತು? ಮೊದಲ ಕೆಲವು ವರ್ಷ ಬಂಗಾರ. ಆಮೇಲೆ ಅಲ್ಟಿಮೇಟಮ್ ಅನ್ನುವ ಹೆಸರಲ್ಲಿ ಅರ್ಧ ಪಾತ್ರಗಳನ್ನು ಕೊಂದು ಹಾಕಿದರು. ಆಮೇಲೆ 2015ರ ತನಕ ಎಳೆದಾಡಿದರು. ಅಲ್ಲಿ ಹೊಸ ಸ್ಪೈಡರ್‌ಮನ್ ಆದ ಮೈಲ್ಸ್ ಮೊರಾಲೆಸ್ ಒಬ್ಬ ಬಿಟ್ಟರೆ ಆ ಕೊನೆಯ ವರ್ಷಗಳಿಂದ ಯಾರಿಗೆ ಏನು ನೆನಪಿದೆ? ಮೇಕರ್ ಬರುತ್ತಾನೆ, ಇಂತಿಷ್ಟು ಸಮಯ ಇದೆ ಅಂತ ಈ ಸಲ ಮೊದಲ ದಿನದಿಂದಲೇ ಗಡುವು ಇಟ್ಟುಕೊಂಡು ಕತೆ ಹೇಳಿದರು. ಗಡುವು ಇದ್ದಿದ್ದಕ್ಕೇ ಕತೆಗೆ ಬಿಗಿ ಬಂದಿದ್ದು. ಒಂದೇ ಒಂದು ಬೇಜಾರು ಅಲ್ಟಿಮೇಟ್ಸ್ ಬಗ್ಗೆ, ಅಂದರೆ ಈ ಲೋಕದ ಹೀರೋಗಳ ತಂಡದ ಪುಸ್ತಕದ ಬಗ್ಗೆ. ಡೆನಿಜ್ ಕ್ಯಾಂಪ್ ಬರೆದ ಆ ಪುಸ್ತಕದಲ್ಲಿ ಪಾತ್ರಗಳು ಎಷ್ಟು, ಹೇಳಬೇಕಾಗಿದ್ದು ಎಷ್ಟು! ಅದಕ್ಕೆ ಇನ್ನೊಂದು ವರ್ಷ ಕೊಡಬಹುದಿತ್ತು. ಪೀಚ್ ಮೊಮೊಕೊ ಬರೆದು ಚಿತ್ರಿಸಿದ ಅಲ್ಟಿಮೇಟ್ ಎಕ್ಸ್‌ಮೆನ್ ಜಪಾನಿನ ಶಾಲಾ ಹುಡುಗಿಯರ ಭೂತದ ಕತೆಯಂತಿದೆ. ನೋಡಲು ಚಂದ. ಆದರೆ ಎಕ್ಸ್‌ಮೆನ್ ಹುಡುಕಿಕೊಂಡು ಹೋದರೆ ನಿರಾಸೆ ಆಗಬಹುದು.

ಡಿಸಿ ಕಡೆಯ ಅಬ್ಸಲ್ಯೂಟ್ ಪುಸ್ತಕಗಳು 2024ರ ಅಕ್ಟೋಬರಿನಿಂದ ಬರತೊಡಗಿದವು. ಡಾರ್ಕ್‌ಸೈಡ್ ಅನ್ನುವ ಖಳನ ಶಕ್ತಿಯಿಂದ ಹುಟ್ಟಿದ ಲೋಕ, ಅಲ್ಲಿ ನಾಯಕರಿಗೆ ಆಸರೆ ಇಲ್ಲ, ಎಲ್ಲರದೂ ಎದುರು ಈಜು. ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. ಇಷ್ಟೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಅಬ್ಸಲ್ಯೂಟ್ ಬ್ಯಾಟ್‌ಮನ್ ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಗೋಟಾ ಅವರದ್ದು. ಬ್ರೂಸ್ ವೇಯ್ನ್‌ಗೆ ಇಲ್ಲಿ ಆಸ್ತಿ ಇಲ್ಲ, ಬಂಗಲೆ ಇಲ್ಲ. ದುಡಿಯುವ ಎಂಜಿನಿಯರ್. ಅಪ್ಪ ಮೇಷ್ಟ್ರಾಗಿದ್ದವರು, ಗುಂಡಿಗೆ ಬಲಿಯಾದರು. ಅಮ್ಮ ಬದುಕಿದ್ದಾಳೆ. ಮುಂದೆ ಪೆಂಗ್ವಿನ್, ರಿಡ್ಲರ್, ಟೂ-ಫೇಸ್, ಕಿಲ್ಲರ್ ಕ್ರಾಕ್ ಆಗುತ್ತಾರೆ ಅಂತ ನಮಗೆ ಗೊತ್ತಿರುವವರೆಲ್ಲ ಇಲ್ಲಿ ಅವನ ಬಾಲ್ಯದ ಗೆಳೆಯರು. ಜೋಕರ್ ಕೋಟ್ಯಧಿಪತಿ, ನಗುವುದೇ ಇಲ್ಲ. ಕೇಳಿದರೆ ಎಲ್ಲವನ್ನೂ ತಲೆಕೆಳಗು ಮಾಡಿದ್ದಾರೆ ಅಷ್ಟೇ ಅನಿಸುತ್ತದೆ ಅಲ್ವಾ? ಹಾಗೆ ಅಂದುಕೊಂಡೇ ಹಿಡಿದವರು ಬಹಳ ಜನ. ಪುಸ್ತಕ ಗೆದ್ದಿದ್ದು ಚಿತ್ರದಿಂದ. ಡ್ರಗೋಟಾನ ಬ್ಯಾಟ್‌ಮನ್ ಗೋಡೆಯಷ್ಟು ಅಗಲ. ಎದೆಯ ಮೇಲಿನ ಬಾವಲಿ ಲಾಂಛನವನ್ನೇ ಕಿತ್ತು ಹಿಡಿಗೆ ಸಿಕ್ಕಿಸಿದರೆ ಕೊಡಲಿ. ಮುಖವಾಡದ ಕಿವಿಗಳು ಕಳಚಿದರೆ ಚಾಕು. ದುಡ್ಡಿಲ್ಲದವನು ಮೈಮೇಲಿರುವ ಪ್ರತಿಯೊಂದನ್ನೂ ಆಯುಧ ಮಾಡಿಕೊಂಡಿದ್ದಾನೆ. ಅವನು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ, ಅದಕ್ಕೆ ಸಂಭಾಷಣೆ ಬೇಕಾಗಿಲ್ಲ. ಪುಟಗಳ ವಿನ್ಯಾಸವೂ ಹಾಗೇ. ಹತ್ತಾರು ಪುಟ್ಟ ಚೌಕಗಳಲ್ಲಿ ಗಡಿಬಿಡಿ ಕಟ್ಟಿ, ಪುಟ ತಿರುಗಿಸಿದ ಕೂಡಲೇ ಒಂದೇ ಚಿತ್ರ ಎದುರಿಗೆ ಬಂದು ನಿಲ್ಲುತ್ತದೆ.

ದೂರು ಹೇಳಬೇಕೆಂದರೆ, ಸ್ನೈಡರ್‌ಗೆ ಮಾತು ಜಾಸ್ತಿ. ಮೊದಲಿಂದಲೂ ಹಾಗೇ, ನೀವು ಅವರ ಹಳೇ ಬ್ಯಾಟ್‌ಮನ್ ಓದಿದ್ದರೆ ಗೊತ್ತಿರುತ್ತದೆ. ಪಾತ್ರ ಅಪ್ಪನ ನೆನಪು ಹೇಳುತ್ತಾ ಹೇಳುತ್ತಾ ಕತೆಯ ನೀತಿಯನ್ನೂ ತಾನೇ ಹೇಳಿಬಿಡುತ್ತದೆ. ಬೇನ್ ಅನ್ನುವ ಖಳ ಬರುವ ಭಾಗದಲ್ಲಿ ಕ್ರೌರ್ಯ ವಿಪರೀತಕ್ಕೆ ಹೋಯಿತು. ಮೈ ವಿಕಾರವಾಗುವ ದೃಶ್ಯಗಳನ್ನು ಸಹಿಸದವರು ಮುಂಚೆಯೇ ತಿಳಿದಿರಲಿ. ಆದರೆ ಒಂದು ಮಾತು: ಆ ಭಾಗದಲ್ಲಿ ಗೆಳೆಯರಿಗೆ ಆದ ಗತಿಯನ್ನು ಸುಮ್ನೆ ಮರೆಯುವ ಹಾಗಿಲ್ಲ, ಪುಸ್ತಕ ಅದನ್ನು ಹೊತ್ತುಕೊಂಡೇ ಮುಂದೆ ಹೋಗುತ್ತದೆ. ನಾನು ಮೇಲೆ ಹೇಳಿದ್ದು ಇದನ್ನೇ. ಬಿಡುವಿದ್ದರೆ 2025ರ ವಾರ್ಷಿಕ ಸಂಚಿಕೆಯನ್ನೂ ಹುಡುಕಿ. ಅದರ ಮುಖ್ಯ ಕತೆ ಡೇನಿಯಲ್ ವಾರೆನ್ ಜಾನ್ಸನ್ ಮಾಡಿದ್ದು, ಹಿಂದಿನದು ಏನೂ ಓದಿರದಿದ್ದರೂ ಅರ್ಥವಾಗುತ್ತದೆ.

ಆದರೆ ನನ್ನ ಮತ ಅಬ್ಸಲ್ಯೂಟ್ ವಂಡರ್ ವುಮನ್‌ಗೆ. ಕೆಲ್ಲಿ ಥಾಂಪ್ಸನ್ ಕತೆ, ಹೇಡನ್ ಶರ್ಮನ್ ಚಿತ್ರ. ಕಾಮಿಕ್ಸ್‌ಗೆ ಕೊಡುವ 2025ರ ಐಸ್ನರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹೊಸ ಸರಣಿ ಇದೇ. ಈ ಡಯಾನಾ ಅಮೆಜಾನ್‌ಗಳ ದ್ವೀಪದಲ್ಲಿ ಬೆಳೆದವಳಲ್ಲ. ಕೂಸಾಗಿದ್ದಾಗಲೇ ಅವಳನ್ನು ತಂದು ನರಕದಲ್ಲಿರುವ ಮಾಟಗಾತಿ ಸರ್ಸಿಯ ಕೈಗೆ ಹಾಕುತ್ತಾರೆ. ಅವಳ ಕುಲದ ಹೆಸರನ್ನು ಸರ್ಸಿ ಬಾಯಿಬಿಟ್ಟು ಹೇಳುವ ಹಾಗಿಲ್ಲ, ದೇವತೆಗಳ ಕಟ್ಟಪ್ಪಣೆ. ಹಾಗಾಗಿ ಮಗಳಿಗೆ ತಾನು ಯಾರು ಅನ್ನುವುದೇ ಗೊತ್ತಿಲ್ಲ. ನರಕದಲ್ಲಿ ಬೆಳೆದವಳು ಕಠೋರವಾಗಿರುತ್ತಾಳೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಇಷ್ಟೂ ಹೀರೋಗಳಲ್ಲಿ ಇವಳೇ ಹೆಚ್ಚು ಮೃದು. ಇವಳನ್ನು ಹಾಗೆ ಸಾಕಿದ್ದು ಸರ್ಸಿ. ತಾಯಿ ಮಗಳ ಆ ಪುಟಗಳಿಗಾಗಿಯೇ ಪುಸ್ತಕ ಕೊಳ್ಳಬಹುದು.

ಸ್ಟೀವ್ ಟ್ರೆವರ್ ಅನ್ನುವ ಭೂಮಿಯ ಮನುಷ್ಯ ಹೇಗೋ ಬಂದು ನರಕದಲ್ಲಿ ಬೀಳುತ್ತಾನೆ. ಅವನನ್ನು ವಾಪಸ್ ಭೂಮಿಗೆ ಕಳಿಸಲು ಮಾಟ ಮಾಡಬೇಕು, ಮಾಟಕ್ಕೆ ಬಲಿ ಬೇಕು. ಡಯಾನಾ ತನ್ನದೇ ಕೈ ಕೊಡುತ್ತಾಳೆ. ಆ ದೃಶ್ಯದಲ್ಲಿ ಅಬ್ಬರವೇ ಇಲ್ಲ. ಅಳು ಇಲ್ಲ, ಭಾಷಣ ಇಲ್ಲ, ಬೇಕಾಗಿದ್ದನ್ನು ಕೊಟ್ಟಳು ಅಷ್ಟೇ. ಮುಂದೆ ಕತೆಯುದ್ದಕ್ಕೂ ಆ ಕೈ ಇಲ್ಲದಿರುವುದು ನಮ್ಮ ಕಣ್ಣೆದುರಿಗೇ ಇರುತ್ತದೆ. ಹಿಂದೆ ಕಂಡ ಎಷ್ಟೋ ನಾಯಕರು ಲೋಕಕ್ಕಾಗಿ ಪ್ರಾಣ ಕೊಟ್ಟು ಆರು ತಿಂಗಳಲ್ಲಿ ನಗುತ್ತಾ ಬಂದರು. ಈ ಒಂದು ಕೈ ಅವರೆಲ್ಲರ ಪ್ರಾಣಕ್ಕಿಂತ ಭಾರ. ಶರ್ಮನ್ ಅವರ ಪುಟಗಳನ್ನು ನಿಧಾನವಾಗಿ ನೋಡಿ. ಚೌಕಗಳು ನೆಟ್ಟಗೆ ನಿಲ್ಲುವುದಿಲ್ಲ, ಒಡೆದ ಕನ್ನಡಿಯ ಚೂರುಗಳ ಹಾಗೆ ಪುಟದ ಮೇಲೆ ಚೆಲ್ಲಿಕೊಂಡಿರುತ್ತವೆ, ಆದರೂ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ.

ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್ ಯಾರೂ ನಿರೀಕ್ಷಿಸದೇ ಇದ್ದ ಪುಸ್ತಕ. ಡೆನಿಜ್ ಕ್ಯಾಂಪ್ ಮತ್ತು ಹಾವಿಯರ್ ರೊಡ್ರಿಗೆಜ್. 2025ರ ಮಾರ್ಚ್‌ನಲ್ಲಿ ಆರು ಸಂಚಿಕೆಯ ಕತೆಯಾಗಿ ಶುರುವಾಯಿತು, ಜನ ಮೆಚ್ಚಿದ ಮೇಲೆ ಹನ್ನೆರಡಕ್ಕೆ ಏರಿಸಿದರು. ಜಾನ್ ಜೋನ್ಸ್ ಇಲ್ಲಿ ಮನುಷ್ಯ, ಎಫ್‌ಬಿಐ ಏಜೆಂಟ್. ಬಾಂಬ್ ಸ್ಫೋಟದಲ್ಲಿ ಬದುಕುಳಿದ ಮೇಲೆ ಅವನ ತಲೆಯೊಳಗೆ ಯಾರೋ ಬಂದು ಕೂತಿದ್ದಾರೆ. ಜನರ ಯೋಚನೆಗಳು ಅವನಿಗೆ ಬಣ್ಣದ ಹೊಗೆಯಾಗಿ ಕಾಣುತ್ತವೆ. ರಸ್ತೆಯಲ್ಲಿ ನಡೆದು ಹೋಗುವವರ ತಲೆಯಿಂದ ಕೆಂಪು, ಹಳದಿ, ನೀಲಿ ಹೊಗೆ ಏಳುತ್ತಿರುತ್ತದೆ, ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಸಿಟ್ಟು ಊರಿಗೆಲ್ಲ ಹೇಗೆ ಹಬ್ಬುತ್ತದೆ ಅನ್ನುವುದನ್ನು ಒಂದು ಸಾಲೂ ವಿವರಿಸದೆ ಬಣ್ಣದಲ್ಲೇ ತೋರಿಸುತ್ತಾರೆ. ಸಿನಿಮಾ ಮಾಡಲು ಹೋದರೆ ಇದು ಕೈಗೆ ಸಿಗುವುದಿಲ್ಲ, ಕಾಗದದ ಮೇಲೆ ಮಾತ್ರ ಸಾಧ್ಯ. ಕತೆ ಮಾತ್ರ ಸಲೀಸಲ್ಲ. ಒಂದು ಸಲ ಓದಿ ಏನೂ ಹತ್ತಲಿಲ್ಲ ಅಂತ ಇಟ್ಟುಬಿಡಬೇಡಿ, ಎರಡನೇ ಸಲ ಬರೀ ಬಣ್ಣ ನೋಡುತ್ತಾ ಹೋಗಿ.

ಜೇಸನ್ ಆರನ್ ಮತ್ತು ರಾಫಾ ಸಂಡೋವಲ್ ಅವರ ಅಬ್ಸಲ್ಯೂಟ್ ಸೂಪರ್‌ಮನ್ ಒಳ್ಳೆಯ ಯೋಚನೆ. ಕ್ರಿಪ್ಟಾನ್‌ನಲ್ಲಿ ಅವನ ಮನೆಯವರು ದುಡಿಯುವ ವರ್ಗ, ಎದೆಯ ಮೇಲಿನ ಲಾಂಛನ ಆ ವರ್ಗದ ಗುರುತು. ಕೂಸಾಗಿ ಅಲ್ಲ, ತಿಳಿವಳಿಕೆ ಬಂದ ಹುಡುಗನಾಗಿ ಭೂಮಿಗೆ ಬಂದವನು. ಆದರೆ ಮೊದಲ ಸಂಚಿಕೆಗಳು ಹಿಂದಕ್ಕೂ ಮುಂದಕ್ಕೂ ಜಿಗಿದು ಸುಸ್ತು ಮಾಡುತ್ತವೆ. ಬಿಡಿ ಸಂಚಿಕೆಯಾಗಿ ಬೇಡ, ಹಲವು ಸಂಚಿಕೆ ಸೇರಿಸಿ ಕಟ್ಟಿದ ಸಂಪುಟವಾಗಿ ಓದಿ. ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್ ಎರಡೂ ಪರವಾಗಿಲ್ಲ ಅನ್ನುವಷ್ಟಿವೆ, ನಿಮ್ಮ ಐದರಲ್ಲಿ ಜಾಗ ಕೊಡುವಷ್ಟಲ್ಲ.

ಮೂಲ ಸ್ಪೈಡರ್‌ಮನ್ ಕೇಳಿದ್ದೀರಿ. ಅಮೇಜಿಂಗ್ ಸ್ಪೈಡರ್‌ಮನ್ ನೀವು ಬಿಟ್ಟ ಮೇಲೆ 2018ರಲ್ಲಿ, 2022ರಲ್ಲಿ, 2025ರಲ್ಲಿ, ಹೀಗೆ ಮೂರು ಸಲ 1ನೇ ನಂಬರಿಗೆ ಹೋಗಿದೆ. ನಿಮ್ಮ ತಲೆ ಕೆಡಿಸಿದ ಚಾಳಿ ಇನ್ನೂ ಬಿಟ್ಟಿಲ್ಲ. 1987ರಲ್ಲಿ ಆದ ಪೀಟರ್, ಮೇರಿ ಜೇನ್ ಮದುವೆಯನ್ನು 2007ರಲ್ಲಿ ಮೆಫಿಸ್ಟೋ ಅನ್ನುವ ಸೈತಾನನ ಜೊತೆಗಿನ ಒಪ್ಪಂದದಲ್ಲಿ ಅಳಿಸಿಹಾಕಿದರಲ್ಲ, ಆ ಗಾಯ ಇನ್ನೂ ಹಸಿಯಾಗಿಯೇ ಇದೆ. 2022ರ ಜೆಬ್ ವೆಲ್ಸ್ ಅವಧಿಯಲ್ಲಿ ಮೇರಿ ಜೇನ್ ಪಾಲ್ ಅನ್ನುವವನ ಜೊತೆ ಸಂಸಾರ ಹೂಡಿದ್ದಳು. ಪಾಲ್ ಮೇಲೆ ಅಭಿಮಾನಿಗಳಿಗೆ ಇದ್ದ ಸಿಟ್ಟು ಯಾವ ಖಳನಾಯಕನ ಮೇಲೂ ಇರಲಿಲ್ಲ, ಪಾಪ! ಅವನ ತಪ್ಪೇನೂ ಇಲ್ಲ. ಪೀಟರ್ ದೊಡ್ಡವನಾಗಲು ಬಿಡಬಾರದು ಅನ್ನುವ ಹಟಕ್ಕೆ ಅವನೊಂದು ನೆಪ. ಅಲ್ಟಿಮೇಟ್‌ನ ಸಂಸಾರಸ್ಥ ಪೀಟರ್‌ಗೆ ಅಷ್ಟು ಜನ ಮುಗಿಬಿದ್ದಿದ್ದು ಯಾಕೆ ಅಂತ ಈಗ ಅರ್ಥವಾಗಿರಬೇಕು. 2025ರ ಏಪ್ರಿಲ್‌ನಿಂದ ಜೋ ಕೆಲ್ಲಿ ಬರೆಯುತ್ತಿದ್ದಾರೆ. ಪೆಪೆ ಲಾರಾಜ್, ಜಾನ್ ರೊಮಿಟಾ ಜೂನಿಯರ್ ಚಿತ್ರಗಳಿವೆ. ಹಿಂದಿನದಕ್ಕಿಂತ ಎಷ್ಟೋ ವಾಸಿ, ತಮಾಷೆ ವಾಪಸ್ ಬಂದಿದೆ. ಲಾರಾಜ್ ಚಿತ್ರ ಬರೆದ ಸಂಚಿಕೆಗಳನ್ನು ಬರೀ ನೋಡುವುದಕ್ಕಾದರೂ ತಿರುವಿ ಹಾಕಬಹುದು. ಆದರೂ ದುಡ್ಡು ಕೊಟ್ಟು ತಿಂಗಳು ತಿಂಗಳು ಹಿಂಬಾಲಿಸಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಕ್ಸ್‌ಮೆನ್ ವಿಷಯಕ್ಕೆ ಬಂದರೆ, ಒಳ್ಳೆಯ ಕಾಲವನ್ನೇ ನೀವು ತಪ್ಪಿಸಿಕೊಂಡಿರಿ. 2019ರಿಂದ 2024ರ ತನಕ ಕ್ರಕೋವಾ ಕಾಲ. ಮ್ಯುಟೆಂಟ್‌ಗಳು ತಮ್ಮದೇ ದ್ವೀಪದಲ್ಲಿ ದೇಶ ಕಟ್ಟಿಕೊಂಡರು, ಐವರು ಸೇರಿ ಸತ್ತವರನ್ನು ಬದುಕಿಸುವ ವಿದ್ಯೆ ಕಂಡುಕೊಂಡರು. ಇದರ ಜಾಣತನ ನೋಡಿ: ಕಾಮಿಕ್ಸ್‌ನಲ್ಲಿ ಸಾವಿಗೆ ಬೆಲೆ ಇಲ್ಲ ಅನ್ನುವ ಹಳೇ ದೂರನ್ನೇ ಎತ್ತಿಕೊಂಡು ಕತೆಯ ಅಡಿಪಾಯ ಮಾಡಿಬಿಟ್ಟರು. ಸಾವೇ ಇಲ್ಲದ ಜನರ ಕಾನೂನು ಹೇಗಿರುತ್ತದೆ, ದೇವರ ಬಗ್ಗೆ ಅವರು ಏನು ಅಂದುಕೊಳ್ಳುತ್ತಾರೆ ಅಂತೆಲ್ಲ ಕೇಳಿದರು. ಹೌಸ್ ಆಫ್ ಎಕ್ಸ್, ಪವರ್ಸ್ ಆಫ್ ಎಕ್ಸ್ ಎರಡನ್ನೂ ಒಂದೇ ಸಂಪುಟದಲ್ಲಿ ಕೊಡುತ್ತಾರೆ. ಮೊದಲು ಅದನ್ನು ಓದಿ. 2024ರ ಜುಲೈನಿಂದ ಬಂದ ಹೊಸ ಸರಣಿಗಳಲ್ಲಿ ಜೆಡ್ ಮೆಕೇ ಬರೆಯುವ ಎಕ್ಸ್‌ಮೆನ್ ಅಚ್ಚುಕಟ್ಟು, ಗೇಲ್ ಸಿಮೋನ್ ಬರೆಯುವ ಅನ್‌ಕ್ಯಾನಿ ಎಕ್ಸ್‌ಮೆನ್‌ನಲ್ಲಿ ಕಕ್ಕುಲಾತಿ ಇದೆ. ಎರಡೂ ಕಾಲೂರುವ ಹೊತ್ತಿಗೆ, 2025ರ ಅಕ್ಟೋಬರಿನಲ್ಲಿ, ಏಜ್ ಆಫ್ ರೆವೆಲೇಷನ್ ಅಂತ ಎಲ್ಲ ಪುಸ್ತಕಗಳನ್ನೂ ಮೂರು ತಿಂಗಳು ನಿಲ್ಲಿಸಿ ಭವಿಷ್ಯದ ಕತೆ ಹೇಳಿದರು. 1995ರ ಏಜ್ ಆಫ್ ಅಪಾಕಲಿಪ್ಸ್ ನೆನಪಿಸಿ ದುಡ್ಡು ಮಾಡುವ ದಾರಿ. ಆ ಮೂರು ತಿಂಗಳಿನದನ್ನು ನೀವು ಧಾರಾಳವಾಗಿ ಬಿಡಬಹುದು.

ಹಲವು ಪುಸ್ತಕಗಳಿಗೆ ಹಬ್ಬಿಸಿ ಹೇಳುವ ದೊಡ್ಡ ಈವೆಂಟ್‌ಗಳ ಬಗ್ಗೆಯೂ ಇದೇ ಮಾತು. ಡಿಸಿ ಕೆ.ಒ. ಅನ್ನುವುದು ಹೀರೋಗಳ ಕುಸ್ತಿ ಪಂದ್ಯಾವಳಿ, ಮಜಾ ಇದೆ, ಆದರೆ ಮುಖ್ಯ ಸರಣಿ ಸಾಕು. ಅದಕ್ಕೆ ಅಂಟಿಸಿದ ಜೋಡಿ ಸಂಚಿಕೆಗಳಿಗೆ ಕೈ ಹಾಕಬೇಡಿ.

ಮೂಲ ಲೋಕದಲ್ಲಿ ಒಳ್ಳೆಯದು ಏನೂ ಇಲ್ಲ ಅಂತ ತಿಳಿಯಬೇಡಿ. ಅಲ್ಲಿ ಶಾಶ್ವತ ಬದಲಾವಣೆ ಮಾಡಲು ಬಿಡುವುದಿಲ್ಲ, ಹಾಗಾಗಿ ಜಾಣ ಲೇಖಕರು ಬೇರೆ ದಾರಿ ಹಿಡಿದಿದ್ದಾರೆ: ಒಂದೇ ಸಂಚಿಕೆಯೊಳಗೆ ಕತೆ ಶುರು ಮಾಡಿ ಅಲ್ಲೇ ಮುಗಿಸುವುದು. ರಯಾನ್ ನಾರ್ತ್ ಅವರ ಫೆಂಟಾಸ್ಟಿಕ್ ಫೋರ್ 2022ರಿಂದ ಇದನ್ನೇ ಮಾಡುತ್ತಿದೆ. ಮೊದಲ ಸಂಚಿಕೆಯಲ್ಲಿ ಬೆನ್ ಗ್ರಿಮ್ ಮತ್ತು ಅಲಿಷಿಯಾ ಒಂದು ಪುಟ್ಟ ಊರಿಗೆ ಹೋಗುತ್ತಾರೆ, ಆ ಊರಲ್ಲಿ ಅದೇ ದಿನ ಮತ್ತೆ ಮತ್ತೆ ಬರುತ್ತಿದೆ. ಇವರಿಬ್ಬರೇ ಕೂತು ಯಾಕೆ ಅಂತ ಕಂಡುಹಿಡಿಯುತ್ತಾರೆ, ಮುಗಿಯಿತು. ಕೊಟ್ಟ ದುಡ್ಡಿಗೆ ಪೂರ್ತಿ ಕತೆ ಸಿಕ್ಕಿತು. 2025ರ ಜುಲೈನಲ್ಲಿ ಮತ್ತೆ 1ರಿಂದ ನಂಬರು ಹಾಕಿದರು, ಲೇಖಕ ಅದೇ ನಾರ್ತ್, ಚಿತ್ರ ಹುಂಬೆರ್ಟೊ ರಾಮೋಸ್. ಬ್ಯಾಟ್‌ಮನ್ ಮುಖ್ಯ ಸರಣಿಯೂ 2025ರ ಸೆಪ್ಟೆಂಬರಿನಿಂದ ಮ್ಯಾಟ್ ಫ್ರಾಕ್ಷನ್ ಮತ್ತು ಹೋರ್ಹೆ ಹಿಮೆನೆಜ್ ಕೈಯಲ್ಲಿದೆ. ಮೊದಲ ಸಂಚಿಕೆಯಲ್ಲೇ ಕಿಲ್ಲರ್ ಕ್ರಾಕ್‌ನನ್ನು ಗುದ್ದಿಗಿಂತ ಜಾಸ್ತಿ ಮಾತಿನಿಂದ ದಾರಿಗೆ ತರುತ್ತಾನೆ. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡೇ ಇದ್ದ ಬ್ಯಾಟ್‌ಮನ್ ಸ್ವಲ್ಪ ಉಸಿರು ಬಿಟ್ಟ ಹಾಗಿದೆ. ಅದಕ್ಕೂ ಮುಂಚೆ ಜೆಫ್ ಲೋಬ್ ಮತ್ತು ಜಿಮ್ ಲೀ ಹಶ್ ಅನ್ನುವ ತಮ್ಮ ಹಳೇ ಬ್ಯಾಟ್‌ಮನ್ ಕತೆಗೆ ಮುಂದುವರಿಕೆ ಅಂತ ಶುರು ಮಾಡಿದ್ದರು. ಚಿತ್ರ ಚಂದ, ಕತೆಯಲ್ಲಿ ಹುರುಳಿಲ್ಲ, ಹೇಳಿದ ಹೊತ್ತಿಗೂ ಬರಲಿಲ್ಲ.

ಈಗ ದುಡ್ಡಿನ ಮಾತು. ಸಾಮಾನ್ಯವಾಗಿ ಒಂದು ಸಂಚಿಕೆಗೆ 3.99ರಿಂದ 4.99 ಡಾಲರ್, ಒಳಗೆ ಕತೆ ಇರುವುದು ಸುಮಾರು 20 ಪುಟ. ಐದು ಕೊಂಡರೆ ತಿಂಗಳಿಗೆ ಹೆಚ್ಚೆಂದರೆ 25 ಡಾಲರ್. ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ: ಈ 20 ಪುಟ ಓದಿ ಕೆಳಗಿಟ್ಟಾಗ ಏನಾದರೂ ಸಿಕ್ಕಿತಾ, ಇಲ್ಲ ಸಂಪುಟದ ಆರನೇ ಒಂದು ಭಾಗ ಹರಿದು ಕೊಟ್ಟರಾ? ಎರಡನೇ ಜಾತಿಯದಾದರೆ ಸಂಪುಟಕ್ಕೇ ಕಾಯಿರಿ. ಮಾರ್ವೆಲ್ ಪುಸ್ತಕಗಳು ಹೇಗೂ ಮೂರು ತಿಂಗಳಿಗೆ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ಗೆ ಬರುತ್ತವೆ. ಅಮೇಜಿಂಗ್ ಸ್ಪೈಡರ್‌ಮನ್, ಎಕ್ಸ್‌ಮೆನ್ ಎರಡನ್ನೂ ಅಲ್ಲೇ ಓದಿ.

ಅಂಗಡಿಯಲ್ಲಿ ಕೊಳ್ಳುವುದಾದರೆ ನಿಮ್ಮ ಪಟ್ಟಿಯನ್ನು ಮೊದಲೇ ಹೇಳಿಟ್ಟಿರಿ. ಮಾರಾಟವಾಗದ ಸಂಚಿಕೆಗಳನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ಕೊಡುವ ಹಾಗಿಲ್ಲ, ಅದಕ್ಕೆ ಹೆದರಿ ಕಡಿಮೆ ತರಿಸುತ್ತಾರೆ. ಹಳೇ ವಿತರಕ ಡೈಮಂಡ್ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲಂತೂ ಸಣ್ಣ ಅಂಗಡಿಯವರು ಇನ್ನೂ ಹುಷಾರು. ಅಬ್ಸಲ್ಯೂಟ್ ಬ್ಯಾಟ್‌ಮನ್ 1ನೇ ಸಂಚಿಕೆ ಮತ್ತೆ ಮತ್ತೆ ಮುದ್ರಣವಾಯಿತು. ಮೊದಲ ಮುದ್ರಣವೇ ಬೇಕು ಅಂತ ದುಪ್ಪಟ್ಟು ಕೊಡಬೇಡಿ, ಒಳಗಿನ ಕತೆ ಒಂದೇ. ಹತ್ತು ಥರದ ವೇರಿಯಂಟ್ ಮುಖಪುಟಗಳ ಕಡೆ ತಿರುಗಿಯೂ ನೋಡಬೇಡಿ, ಆ ದುಡ್ಡಿಗೆ ಆರನೇ ಪುಸ್ತಕ ಬರುತ್ತದೆ.

ನನ್ನ ಐದು ಹೀಗಿವೆ. ತಿಂಗಳು ತಿಂಗಳು ಕೊಳ್ಳಲು ಅಬ್ಸಲ್ಯೂಟ್ ವಂಡರ್ ವುಮನ್, ಅಬ್ಸಲ್ಯೂಟ್ ಬ್ಯಾಟ್‌ಮನ್, ಫೆಂಟಾಸ್ಟಿಕ್ ಫೋರ್, ಫ್ರಾಕ್ಷನ್ ಅವರ ಬ್ಯಾಟ್‌ಮನ್. ಐದನೇ ಜಾಗದ ದುಡ್ಡನ್ನು ತಿಂಗಳ ಸಂಚಿಕೆಗೆ ಹಾಕದೆ ಕೂಡಿಟ್ಟು ಅಲ್ಟಿಮೇಟ್ ಸ್ಪೈಡರ್‌ಮನ್ ಸಂಪುಟಗಳನ್ನು ಒಂದೊಂದಾಗಿ ತನ್ನಿ, ಅದು ಮುಗಿದ ಮೇಲೆ ಮಾರ್ಷಿಯನ್ ಮ್ಯಾನ್‌ಹಂಟರ್. ಮೊದಲ ಸ್ಪೈಡರ್‌ಮನ್ ಸಂಪುಟದಲ್ಲಿ ಆರು ಸಂಚಿಕೆ ಇವೆ, ಆ ಊಟದ ಸಂಚಿಕೆಯೂ ಅದರಲ್ಲೇ ಇದೆ. ನಾಲ್ಕರಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದರೆ ಫ್ರಾಕ್ಷನ್ ಅವರ ಬ್ಯಾಟ್‌ಮನ್ ಬಿಡಿ, ಅದು ಸಂಪುಟವಾಗಿ ಸಿಕ್ಕೇ ಸಿಗುತ್ತದೆ. ಇನ್ನು ಡೆಡ್‌ಪೂಲ್ ಮತ್ತು ಬ್ಯಾಟ್‌ಮನ್ ಎದುರಾಗುವ ಎರಡು ಸಂಚಿಕೆಗಳು 2025ರ ಸೆಪ್ಟೆಂಬರ್ ಮತ್ತು ನವೆಂಬರಿನಲ್ಲಿ ಬಂದಿವೆ, ಮಾರ್ವೆಲ್ ಒಂದು ಮಾಡಿತು, ಡಿಸಿ ಒಂದು. 2003-04ರ ಜೆಎಲ್‌ಎ/ಅವೆಂಜರ್ಸ್ ನಂತರ ಇವೆರಡು ಮನೆಗಳ ಹೀರೋಗಳು ಹೊಸ ಕತೆಯಲ್ಲಿ ಸೇರಿದ್ದು ಈಗಲೇ. ಗ್ರಾಂಟ್ ಮಾರಿಸನ್ ಬರೆದ ಡಿಸಿಯ ಸಂಚಿಕೆ ಎರಡರಲ್ಲಿ ಹೆಚ್ಚು ಹುಚ್ಚು. ಅದು ಒಂದೇ ಸಲದ ಖರ್ಚು, ಐದರ ಲೆಕ್ಕಕ್ಕೆ ಸೇರಿಸಬೇಡಿ.